ಅಮ್ಮ ಹೇಳಿದ ಶರಪಂಜರ

ಶರಪಂಜರ ಸಿನಿಮಾವನ್ನು ನಾನು ಮೊದಲು ನೋಡಿದ್ದಲ್ಲ, ಕೇಳಿದ್ದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳದಲ್ಲಿ, ಅಡಕೆ ಸುಲಿಯುವ ಒಂದು ರಾತ್ರಿ, ಗ್ಯಾಸ್‌ಲೈಟಿನ ಬೆಳಕಿನಲ್ಲಿ, ಅಮ್ಮನ ಬಾಯಿಂದ. ನನಗಾಗ ಏಳೋ ಎಂಟೋ ವರ್ಷ. ಎಂಬತ್ತರ ದಶಕದ ಶುರುವಿನ ಮಾತು.

ಕೊಯ್ಲು ಶುರುವಾಯಿತೆಂದರೆ ನಮ್ಮಲ್ಲಿ ರಾತ್ರಿ ಹನ್ನೊಂದು ಹನ್ನೆರಡರವರೆಗೂ ಸುಲಿಯುವ ಕೆಲಸ. ಹಗಲು ಇಳಿಸಿದ ಗೊನೆಗಳ ಕಾಯಿ ಅಂಗಳದ ಚಪ್ಪರದಡಿ ಗುಡ್ಡೆ ಬಿದ್ದಿರುತ್ತಿತ್ತು. ಅದರ ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹನ್ನೆರಡು ಹೆಂಗಸರು, ನಾಲ್ಕೈದು ಗಂಡಸರು ಕೂರುತ್ತಿದ್ದರು. ಡಬ್ಬಕ್ಕೆ ಇಷ್ಟು ಅಂತ ಕೂಲಿ. ಕಣ್ಣು ಎಳೆಯದಂತೆ ಏನಾದರೂ ಮಾತು ನಡೆಯುತ್ತಲೇ ಇರಬೇಕು. ಯಕ್ಷಗಾನದ ಪ್ರಸಂಗ, ಸೇತುವೆ ಹತ್ತಿರ ಯಾರಿಗೋ ಕಂಡ ದೆವ್ವ, ಮೊನ್ನೆಯ ಮದುವೆಯ ಊಟ. ಅಮ್ಮನ ಪಾಲಿಗೆ ಬಂದದ್ದು ಸಿನಿಮಾ.

ಅಮ್ಮ ವರ್ಷಕ್ಕೆ ನೋಡುತ್ತಿದ್ದದ್ದು ಮೂರೋ ನಾಲ್ಕೋ. ಮಳೆ ಮುಗಿದು ಗದ್ದೆ ಒಣಗಿದ ಮೇಲೆ ಪೇಟೆಯ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ಅಲ್ಲಿಗೆ ಬರುತ್ತಿದ್ದದ್ದೆಲ್ಲ ಹಳೆಯ ಸಿನಿಮಾಗಳೇ. ಅತ್ತೆಯ ಜೊತೆ ಮೊದಲ ಆಟಕ್ಕೆ ಹೋಗಿ, ಟಾರ್ಚು ಹಿಡಿದು ಕಾಲುದಾರಿಯಲ್ಲಿ ವಾಪಸು ಬಂದು, ಮಾರನೆಯ ರಾತ್ರಿ ಅದನ್ನು ಇಡಿಯಾಗಿ ನಮ್ಮ ಮುಂದೆ ಬಿಚ್ಚುತ್ತಿದ್ದಳು. ಕಥೆಗೆ ನೇರ ಬರುತ್ತಿರಲಿಲ್ಲ. ಮೊದಲು ಮನೆ ಎಂಥದ್ದು, ಮೆಟ್ಟಿಲು ಎಲ್ಲಿಂದ ಹತ್ತುತ್ತದೆ, ನಟಿ ಕಲ್ಪನಾ ಯಾವ ಸೀರೆ ಉಟ್ಟಿದ್ದಳು, ಅಂಚು ಎಷ್ಟು ಅಗಲ, ತೋಳು ಎಷ್ಟು ಗಿಡ್ಡ. ಅಷ್ಟು ಹೊತ್ತಿಗೆ ನಾವೆಲ್ಲ ಆ ಮನೆಯ ಒಳಗೆ ಹೋಗಿ ಕೂತಾಗಿರುತ್ತಿತ್ತು. ಆಮೇಲೆ ಕಥೆ. ಕಥೆ ಬಿಗಿಯಾದಾಗ ಒಬ್ಬೊಬ್ಬರದೇ ಕೈ ನಿಲ್ಲುತ್ತಿತ್ತು. ಜಗಲಿಯಿಂದ ಅಪ್ಪ "ಕೈ ನಡೀಲಿ" ಅನ್ನುತ್ತಿದ್ದ. ಮತ್ತೆ ಮೆಟ್ಟುಗತ್ತಿಯ ಸದ್ದು ಶುರುವಾಗುತ್ತಿತ್ತು. ಅಮ್ಮನ ಕೈ ಮಾತ್ರ ಒಮ್ಮೆಯೂ ನಿಂತದ್ದು ನನಗೆ ನೆನಪಿಲ್ಲ. ಕಾಯಿಯನ್ನು ಕತ್ತಿಯ ಬಾಯಿಗೆ ಒತ್ತಿ, ಸಿಪ್ಪೆ ಬಿಡಿಸಿ, ಹಣ್ಣಾದ ಗೋಟನ್ನು ಬೇರೆ ಎಸೆದು, ಮುಂದಿನ ಕಾಯಿಗೆ ಕೈ ಹಾಕುವಷ್ಟರಲ್ಲಿ ಒಂದು ವಾಕ್ಯ ಮುಗಿಯುತ್ತಿತ್ತು. ಇವತ್ತಿಗೂ ಅವಳ ಮಾತಿಗೆ ಅದೇ ಅಳತೆ.

ಆ ಸುತ್ತಿನಲ್ಲಿ ಎಲ್ಲರಿಗಿಂತ ಚುರುಕಾಗಿ ಸುಲಿಯುತ್ತಿದ್ದವಳು ದೊಡ್ಡಮ್ಮ, ಅಮ್ಮನ ಅಕ್ಕ. ನನಗೆ ಬುದ್ಧಿ ಬರುವ ಮೊದಲಿನಿಂದಲೂ ಅವಳು ನಮ್ಮ ಮನೆಯಲ್ಲೇ ಇದ್ದಳು. ಮಾತು ಕಡಿಮೆ. ಯಾಕೆ ಗಂಡನ ಮನೆಯಲ್ಲಿಲ್ಲ ಎಂದು ನಾವು ಮಕ್ಕಳು ಕೇಳುವಂತಿರಲಿಲ್ಲ. ಕಥೆ ಹೇಳುವಾಗ ಅಮ್ಮ ಆಗಾಗ ಅವಳ ಕಡೆ ನೋಡುತ್ತಿದ್ದಳು.

ಅಮ್ಮ ಹೇಳಿದ ಶರಪಂಜರ ಹೀಗಿತ್ತು. ಕಾವೇರಿ, ಅಂದರೆ ಕಲ್ಪನಾ, ಪ್ರೀತಿಸಿದವನನ್ನೇ ಮದುವೆಯಾಗುತ್ತಾಳೆ. ಬಾಣಂತನದಲ್ಲಿ ಮನಸ್ಸು ಕದಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ಹುಷಾರಾಗಿ ಮನೆಗೆ ಬರುತ್ತಾಳೆ. ಸುತ್ತಲಿನವರು ಮೊದಮೊದಲು ಅನುಮಾನದಿಂದ ನೋಡುತ್ತಾರೆ, ಆಮೇಲೆ ಗಂಡನಿಗೆ ಬುದ್ಧಿ ಬರುತ್ತದೆ, ಅವನು ಹೂವು ತಂದುಕೊಡುತ್ತಾನೆ, ಕಾವೇರಿ ದೇವರ ಮುಂದೆ ದೀಪ ಹಚ್ಚುತ್ತಾಳೆ. ಮುಗಿಯಿತು. ಎಲ್ಲರೂ "ಅಬ್ಬ" ಅಂದರು. ನಾನು ಅಲ್ಲೇ ಗೋಣಿಚೀಲದ ಮೇಲೆ ನಿದ್ದೆ ಹೋದೆ.

ಹದಿನೈದು ವರ್ಷಗಳ ನಂತರ, ಹಾಸ್ಟೆಲಿನ ಟೀವಿಯಲ್ಲಿ ಒಂದು ಭಾನುವಾರ ಅದೇ ಸಿನಿಮಾ ಬಂತು. ದೀಪ ಹಚ್ಚುವುದನ್ನು ಕಾಯುತ್ತ ಕೂತೆ. ದೀಪ ಬರಲೇ ಇಲ್ಲ. ಗಂಡನಿಗೆ ಬೇರೊಬ್ಬಳ ಸಂಗ, ಊರಿನವರ ಬಾಯಲ್ಲಿ ಹುಚ್ಚಿ ಎಂಬ ಹೆಸರು. ವಾಸಿಯಾಗಿ ಬಂದ ಹೆಂಗಸನ್ನು ಎಲ್ಲರೂ ಸೇರಿ ಮತ್ತೆ ಅದೇ ಆಸ್ಪತ್ರೆಗೆ ನೂಕುವಲ್ಲಿಗೆ ಸಿನಿಮಾ ಮುಗಿಯಿತು. ಜೊತೆಯ ಹುಡುಗಿಯರು ಎದ್ದು ಊಟಕ್ಕೆ ಹೋದರು. ನನಗೆ ತಟ್ಟೆ ಹಿಡಿಯಲು ಆಗಲಿಲ್ಲ. ಅಳು ಕಲ್ಪನಾಗಾಗಿ ಬಂತೋ, ಅಮ್ಮ ನನಗೆ ಸುಳ್ಳು ಹೇಳಿದಳೆಂದು ಬಂತೋ ತಿಳಿಯಲಿಲ್ಲ. ಕೇಳಬೇಕು ಎಂದುಕೊಂಡೆ. ಊರಿಗೆ ಹೋದಾಗ ನೂರು ಕೆಲಸ, ನೂರು ಮಾತು. ಕೇಳಲಿಲ್ಲ. ಹಾಗೇ ಮೂವತ್ತು ವರ್ಷ ಹತ್ತಿರವಾಯಿತು.

2025ರ ಜೂನಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಎಪ್ಪತ್ತೈದರ ಜೀವ. ಮೂರು ತಿಂಗಳು ಹೆಚ್ಚು ಓಡಾಡಬಾರದು ಅಂದರು. ಶಿವಮೊಗ್ಗದ ನನ್ನ ಮನೆಗೆ ಕರೆತಂದೆ. ಹಗಲು ಕಾಲೇಜಿನ ಪಾಠ, ಸಂಜೆಯಾದ ಮೇಲೆ ಅವಳ ಮಂಚದ ಪಕ್ಕ ನಾನು. ಎದುರಿಗೆ ಟೀವಿ. ಹೊರಗೆ ಬಿಡದ ಮಳೆ. ಆ ಮಳೆಗಾಲದಲ್ಲಿ ನಾವಿಬ್ಬರೂ ನೋಡಿದ್ದೆಷ್ಟೋ. ಅದರಲ್ಲಿ ನನ್ನಲ್ಲಿ ಉಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಜಗಳ ಧಾರಾವಾಹಿಯದ್ದು. ಅಮ್ಮನಿಗೆ ಪುಟ್ಟಕ್ಕನ ಮಕ್ಕಳು ತಪ್ಪುವಂತಿರಲಿಲ್ಲ. ಮಗ ಹುಟ್ಟಲಿಲ್ಲವೆಂದು ಗಂಡ ಬೇರೆ ಮದುವೆಯಾದ ಮೇಲೆ, ಮೆಸ್ಸು ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದವಳ ಕಥೆ. 2021ರ ಡಿಸೆಂಬರಿನಲ್ಲಿ ಶುರುವಾದದ್ದು. ನನಗೆ ಧಾರಾವಾಹಿಗಳ ಮೇಲೆ ಇದ್ದ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಒಂದು ಮಾತಿಗೆ ಐದು ಮುಖಗಳನ್ನು ಸರದಿಯಲ್ಲಿ ತೋರಿಸುವುದು, ಪ್ರತಿ ಮುಖಕ್ಕೂ ಗುಡುಗಿನ ಸದ್ದು ಕೂಡಿಸುವುದು, ಕೆಟ್ಟವರು ಬಾಗಿಲ ಮರೆಯಲ್ಲಿ ನಿಂತು ತಮ್ಮ ಕೆಟ್ಟತನವನ್ನು ತಾವೇ ಗಟ್ಟಿಯಾಗಿ ಹೇಳಿಕೊಳ್ಳುವುದು, ಇವೆಲ್ಲ ನೋಡುವವರ ಬುದ್ಧಿಗೆ ಮಾಡುವ ಅವಮಾನ. ಹೆಣ್ಣಿನ ವೈರಿ ಹೆಣ್ಣೇ ಎಂಬುದನ್ನು ದಿನಾ ಸಂಜೆ ಮನೆಮನೆಗೆ ಹಂಚುವುದು ಅದಕ್ಕಿಂತ ದೊಡ್ಡ ತಪ್ಪು. ಇದನ್ನೆಲ್ಲ ಅಮ್ಮನ ಮುಂದೆ ಹೇಳಿದೆ. ಅವಳು ಕೇಳಿಸಿಕೊಂಡಳು. "ಅದೆಲ್ಲ ನಂಗೆ ಕಾಣ್ತದೆ ಮಾರಾಯ್ತಿ. ನಾನು ಅದನ್ನ ನೋಡಲ್ಲ, ಉಮಾಶ್ರೀನ ನೋಡ್ತೀನಿ" ಅಂದಳು.

ಆಮೇಲೆ ನಾನೂ ಪುಟ್ಟಕ್ಕನ ಪಾತ್ರದ ಉಮಾಶ್ರೀಯವರನ್ನೇ ನೋಡತೊಡಗಿದೆ. ಅಮ್ಮ ಹೇಳಿದ್ದು ನಿಜ. ಸುತ್ತ ಎಲ್ಲರೂ ಕ್ಯಾಮೆರಾಕ್ಕೆ ಮುಖ ಕೊಟ್ಟು ನಿಂತಿರುವಾಗ ಅವರೊಬ್ಬರು ಕೆಲಸದಲ್ಲಿರುವವರಂತೆ ಇರುತ್ತಾರೆ. ಎದುರಿನವರ ಮಾತು ಅವರಿಗೆ ಮೊದಲು ಕೈಗೆ ತಾಗುತ್ತದೆ, ಆಮೇಲೆ ಮುಖಕ್ಕೆ ಬರುತ್ತದೆ. ನಾಟಕದ ಕಂಪನಿಗಳಲ್ಲಿ ಮೈ ಸವೆಸಿದವರಿಗೆ ಮಾತ್ರ ಬರುವ ವಿದ್ಯೆ ಅದು. ಇದೇ ಉಮಾಶ್ರೀಯವರಿಗೆ ಗಿರೀಶ ಕಾಸರವಳ್ಳಿಯವರ ಗುಲಾಬಿ ಟಾಕೀಸ್‌ನ ನಟನೆಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಅಮ್ಮ ಅದನ್ನು ನೋಡಿರಲಿಲ್ಲ. ಒಂದು ಶನಿವಾರ ಹಾಕಿದೆ.

ಗುಲಾಬಿ ಟಾಕೀಸ್ 2008ರ ಸಿನಿಮಾ. ವೈದೇಹಿಯವರ ಕಥೆಯ ಆಧಾರ. ಕಡಲ ತಡಿಯ ಮೀನುಗಾರರ ಕೇರಿಯ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಹುಚ್ಚು. ಅವಳ ಮನೆಗೆ ಒಂದು ಬಣ್ಣದ ಟೀವಿ ಬರುತ್ತದೆ. ಅಲ್ಲಿವರೆಗೆ ಅವಳ ಹೊಸ್ತಿಲು ತುಳಿಯದ ಹೆಂಗಸರು ಟೀವಿಯ ಆಸೆಗೆ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಕಾರ್ಗಿಲ್ ಯುದ್ಧದ ಕಾಲ. ಹೊರಗಿನ ದ್ವೇಷವೂ ಮೆಲ್ಲಗೆ ಕೇರಿಯೊಳಗೆ ಬರುತ್ತದೆ, ಗುಲಾಬಿ ಮುಸ್ಲಿಮಳೆಂಬುದು ಎಲ್ಲರಿಗೂ ಇದ್ದಕ್ಕಿದ್ದಂತೆ ನೆನಪಾಗುತ್ತದೆ. ಹೆಂಗಸರು ಟೀವಿಯ ಮುಂದೆ ಒಟ್ಟಿಗೆ ಕೂತಿರುವ ದೃಶ್ಯಗಳಲ್ಲಿ ಕ್ಯಾಮೆರಾ ಟೀವಿಯನ್ನು ಬಿಟ್ಟು ಅವರ ಮುಖಗಳ ಮೇಲೆ ನಿಲ್ಲುತ್ತದೆ. ಅಲ್ಲಿ ಅಮ್ಮ ಮಂಚದ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿದಳು. "ನಮ್ಮ ಸುಲಿಯೋ ಚಪ್ಪರದ ಹಾಗೇ ಇದೆ ನೋಡು" ಅಂದಳು.

ಟೀವಿ ಬಂದು ಅಮ್ಮನ ಚಪ್ಪರವನ್ನು ಕಿತ್ತಿತು ಎಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದು ಅಷ್ಟು ನೇರವಾಗಿ ಆಗಲಿಲ್ಲ. ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್ ದೂರದರ್ಶನದಲ್ಲಿ ಬಂದಾಗ ನಮ್ಮೂರಲ್ಲಿ ಟೀವಿ ಇರಲಿಲ್ಲ. ಶಿವಮೊಗ್ಗದ ಮಾವನ ಮನೆಯಲ್ಲಿ ರಜೆಗೆ ಹೋದಾಗ ಕೆಲವು ಕಂತು ನೋಡಿದೆವು. ನಮ್ಮ ಆಗುಂಬೆಯ ಬೀದಿ, ನಮ್ಮದೇ ಮಳೆ, ನಮ್ಮದೇ ಹೆಂಚಿನ ಮನೆ, ಮಾತು ಮಾತ್ರ ಹಿಂದಿ. ಸ್ವಾಮಿಯಾದ ಮಾಸ್ಟರ್ ಮಂಜುನಾಥನೂ ಅವನ ಅಪ್ಪನಾದ ಗಿರೀಶ ಕಾರ್ನಾಡರೂ ನಮ್ಮವರೇ, ಆದರೆ ಆಡುವುದು ನಮಗೆ ತಿಳಿಯದು. ಅಮ್ಮನಿಗೆ ಹಿಂದಿಯ ಒಂದಕ್ಷರ ಗೊತ್ತಿಲ್ಲ. ಊರಿಗೆ ಬಂದು ಆ ಕಂತುಗಳನ್ನು ಅರ್ಧ ಗಂಟೆಯ ಬದಲು ಎರಡು ಗಂಟೆ ಹೇಳಿದಳು. ಸ್ವಾಮಿಗೆ ಅಪ್ಪ ಏನೆಂದು ಗದರಿದ, ಅಜ್ಜಿ ಏನೆಂದು ಸಮಾಧಾನ ಮಾಡಿದಳು, ಎಲ್ಲವೂ ಅಮ್ಮನ ಮಾತು. ಮುಂದೆ ಆರ್.ಕೆ. ನಾರಾಯಣರ ಪುಸ್ತಕ ಓದಿದಾಗ ಅಮ್ಮ ಕಥೆಯ ಮಟ್ಟಿಗೆ ಎಲ್ಲೆಲ್ಲೋ ಹೋಗಿದ್ದಳೆಂದು ತಿಳಿಯಿತು. ಆ ಅಜ್ಜಿಯ ಮಟ್ಟಿಗೆ ಅಮ್ಮ ಎಲ್ಲೂ ತಪ್ಪಿರಲಿಲ್ಲ.

ಚಪ್ಪರ ನಿಂತದ್ದು ಆಮೇಲೆ, ಮನೆಮನೆಗೂ ಟೀವಿ ಬಂದು, ಸುಲಿಯುವ ಯಂತ್ರವೂ ಬಂದ ಮೇಲೆ. 1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ಮಾಯಾಮೃಗ ಬರುವ ಹೊತ್ತಿಗೆ ಅಮ್ಮನಿಗೆ ಕೇಳುವವರಿರಲಿಲ್ಲ, ಎಲ್ಲರೂ ನೋಡುವವರೇ. ಮಾಯಾಮೃಗದ ಬಗ್ಗೆ ನನ್ನ ಮೆಚ್ಚುಗೆ ಇವತ್ತಿಗೂ ಕಡಿಮೆಯಾಗಿಲ್ಲ. ಮಧ್ಯಮ ವರ್ಗದ ಮನೆಯ ಊಟದ ಹೊತ್ತಿನ ಮೌನವನ್ನು ಕನ್ನಡದ ಟೀವಿಯಲ್ಲಿ ಅಷ್ಟು ಚೆನ್ನಾಗಿ ಬೇರೆ ಯಾರೂ ತೋರಿಸಿದ್ದನ್ನು ನಾನು ಕಂಡಿಲ್ಲ. ಸೀತಾರಾಮ್ ಅವರದೇ ಮಗಳು ಜಾನಕಿ 2018ರಲ್ಲಿ ಶುರುವಾಗಿ ಕೋವಿಡ್ ವರ್ಷದಲ್ಲಿ ನಿಂತಾಗ ಅಮ್ಮ ಸುಮ್ಮನಿರಲಿಲ್ಲ. ಫೋನಿನಲ್ಲಿ ಚಿಕ್ಕಮ್ಮನಿಗೆ ಮುಂದಿನ ಕಥೆಯನ್ನು ತಾನೇ ಹೇಳಿ ಮುಗಿಸಿದಳಂತೆ.

ಜುಲೈನಲ್ಲಿ ಹೇಮಂತ್ ರಾವ್ ಅವರ ಎರಡು ಸಿನಿಮಾ ಬೆನ್ನುಬೆನ್ನಿಗೆ ನೋಡಿದೆವು. 2016ರ ಗೋಧಿ ಬಣ್ಣ ಸಾಧಾರಣ ಮೈಕಟ್ಟು ಮೊದಲು. ಮರೆವಿನ ಕಾಯಿಲೆಯ ಅಪ್ಪ, ತನ್ನ ಕೆಲಸದ ಅವಸರದಲ್ಲಿ ಅವನನ್ನು ಕಳೆದುಕೊಳ್ಳುವ ಮಗ. ಗೂಂಡಾಗಳ ಕಥೆಯ ಎಳೆ ನನಗೆ ಈಗಲೂ ಅನಗತ್ಯ ಅನ್ನಿಸುತ್ತದೆ. ಅನಂತನಾಗ್ ಅವರ ವೆಂಕೋಬರಾಯರು ಪರದೆಯ ಮೇಲಿದ್ದಷ್ಟು ಹೊತ್ತು ಬೇರೇನೂ ಬೇಡ. ಮರೆವನ್ನು ನಟಿಸುವವರು ಸಾಮಾನ್ಯವಾಗಿ ಕಣ್ಣನ್ನು ಖಾಲಿ ಮಾಡಿಕೊಳ್ಳುತ್ತಾರೆ. ಅನಂತನಾಗ್ ಹಾಗೆ ಮಾಡುವುದಿಲ್ಲ. ಅವರ ಕಣ್ಣು ತುಂಬಿಯೇ ಇರುತ್ತದೆ, ಎದುರಿಗೆ ಇಲ್ಲದ ಯಾವುದರಿಂದಲೋ. ತೀರಿಕೊಂಡ ಹೆಂಡತಿಯ ಮಾತು ಬಂದಾಗ ದನಿಗೆ ಹದಿಹರೆಯ ಬರುತ್ತದೆ. 2025ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಈ ಒಂದು ಪಾತ್ರಕ್ಕೇ ಕೊಟ್ಟಿದ್ದರೂ ಆಗುತ್ತಿತ್ತು ಎಂದು ನಾನು ಅಂದೆ.

ಅಮ್ಮ ಬೇರೆಯೇ ಯೋಚನೆಯಲ್ಲಿದ್ದಳು. "ಹೆಸರು ಯಾಕೆ ಹಂಗಿಟ್ಟಿದಾರೆ?" ಎಂದು ಕೇಳಿದಳು. ಕಾಣೆಯಾದವರ ಪ್ರಕಟಣೆಯಲ್ಲಿ ಹಾಗೆ ಬರೆಯುತ್ತಾರಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತ, "ಅಕ್ಕನಿಗೂ ಹಿಂಗೇ ಬರೆಸಿದ್ರು ನಿನ್ನಜ್ಜ. ಗೋಧಿ ಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತಾಡ್ತಾಳೆ" ಅಂದಳು. ದೊಡ್ಡಮ್ಮ ಒಮ್ಮೆ ಕಾಣೆಯಾಗಿದ್ದಳೆಂಬುದು ನನಗೆ ಗೊತ್ತಾದದ್ದು ಐವತ್ತರ ಹತ್ತಿರದಲ್ಲಿ, ಒಂದು ಸಿನಿಮಾದ ಹೆಸರಿನ ನೆಪದಲ್ಲಿ. ಮುಂದೆ ಕೇಳಲು ಹೋದೆ. "ಲೈಟು ಆರ್ಸು, ನಿದ್ದೆ ಬರ್ತಿದೆ" ಅಂದಳು.

ಎರಡನೆಯದಾದ ಸಪ್ತ ಸಾಗರದಾಚೆ ಎಲ್ಲೋ 2023ರಲ್ಲಿ ಎರಡು ಭಾಗವಾಗಿ ಬಂದದ್ದು, ಹಳೆಯ ಕ್ಯಾಸೆಟ್ಟಿನ ಹಾಗೆ ಸೈಡ್ ಎ, ಸೈಡ್ ಬಿ. ಮನೆ ಮಾಡಿಕೊಳ್ಳುವ ಆಸೆಗೆ ಮನು ಧಣಿಯ ಮಗನ ಅಪಘಾತವನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇವೆಂಬ ಮಾತು ಉಳಿಯುವುದಿಲ್ಲ. ಮೊದಲ ಭಾಗವನ್ನು ನಾನು ಪೂರ್ತಿಯಾಗಿ ಒಪ್ಪಿದೆ. ವಕೀಲರ ಮನೆ, ಜೈಲಿನ ಬಾಗಿಲು, ಮತ್ತೆ ವಕೀಲರ ಮನೆ ಎಂದು ಓಡಾಡುವ ಅವನ ಪ್ರೇಯಸಿ ಪ್ರಿಯಾಳ ಕಾಲಿನ ದಣಿವು ಮೈಗೆ ಬರುತ್ತದೆ. ರುಕ್ಮಿಣಿ ವಸಂತ್ ಎಲ್ಲೂ ದನಿ ಏರಿಸದೆ ಆ ಹುಡುಗಿಯನ್ನು ಕಟ್ಟಿದ್ದಾರೆ. ಬಡವನ ಪ್ರೀತಿಗೆ ಎದುರಾಳಿ ಖಳನಾಯಕನಲ್ಲ, ವಾಯಿದೆ, ಅರ್ಜಿ, ಜಾಮೀನು ಎಂಬುದನ್ನು ಇಷ್ಟು ತಾಳ್ಮೆಯಿಂದ ಹೇಳಿದ ಕನ್ನಡ ಪ್ರೇಮಕಥೆ ಅಪರೂಪ.

ಎರಡನೆಯ ಭಾಗದಲ್ಲಿ ನಾನೂ ಅಮ್ಮನೂ ಬೇರೆಯಾದೆವು. ಹತ್ತು ವರ್ಷದ ನಂತರ ಬಿಡುಗಡೆಯಾದ ಮನು, ಮದುವೆಯಾಗಿ ಮಗುವಿರುವ ಪ್ರಿಯಾಳನ್ನು ಹುಡುಕಿ, ಅವಳಿಗೆ ತಿಳಿಯದಂತೆ ಹಿಂಬಾಲಿಸಿ, ಅವಳ ಸಂಸಾರ ಸರಿಮಾಡಲು ಹೊರಡುತ್ತಾನೆ. ನನಗೆ ಅದು ಪ್ರೇಮದ ದೊಡ್ಡತನ ಎಂದು ತೋರಿತ್ತು. ಮನುವಾದ ರಕ್ಷಿತ್ ಶೆಟ್ಟಿಯವರ ಭಾರವಾದ ನಡಿಗೆ, ಚರಣ್‌ರಾಜ್ ಅವರ ಸಂಗೀತ, ಕೆಂಪು ಬಣ್ಣದ ರಾತ್ರಿಗಳು, ಎಲ್ಲವೂ ಹಾಗೆ ನಂಬಿಸುತ್ತವೆ. ಅಮ್ಮ ನಂಬಲಿಲ್ಲ. "ಆ ಹುಡುಗಿ ಹೆಂಗೋ ಒಂದು ಮನೆ ಮಾಡ್ಕೊಂಡು ಬದುಕ್ತಿದಾಳೆ. ಅವಳ ಅಡಿಗೆಮನೆ ಕಿಟಕಿಗೆ ಯಾರೋ ಕಣ್ಣಿಟ್ಟಿದಾರೆ ಅಂತ ಅವಳಿಗೆ ಗೊತ್ತಾದ್ರೆ ಹೆದರಲ್ವನೇ?" ಅಂದಳು. ನಾನು ವಾದಿಸಿದೆ. ಮಾರನೆಯ ದಿನ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಯೋಚಿಸಿದೆ. ಸಿನಿಮಾ ಅಷ್ಟು ಹೊತ್ತೂ ಮನುವಿನ ಕಣ್ಣಿನಿಂದ ಪ್ರಿಯಾಳನ್ನು ನೋಡಿತು, ಪ್ರಿಯಾಳ ಕಿಟಕಿಯಿಂದ ಹೊರಗೆ ಒಮ್ಮೆಯಾದರೂ ಮನಸಾರೆ ನೋಡಬೇಕಿತ್ತು. ಅಮ್ಮನ ಮಾತೇ ಸರಿ. ಎರಡನೆಯ ಭಾಗ ಮೊದಲನೆಯದಕ್ಕೆ ಸಮವಲ್ಲ.

ಆ ಮೂರು ತಿಂಗಳಲ್ಲಿ ನೋಡಿದ್ದರಲ್ಲಿ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳಕ್ಕೆ ಹೋದದ್ದು ಶಿವಮ್ಮ. ಜೈಶಂಕರ್ ಆರ್ಯರ್ ನಿರ್ದೇಶನ. 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದು, ನಮ್ಮ ಚಿತ್ರಮಂದಿರಕ್ಕೆ ಬಂದದ್ದು 2024ರಲ್ಲಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ನಡೆಯುವ ಕಥೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಶಿವಮ್ಮ, ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು. ಆರೋಗ್ಯದ ಪುಡಿ ಮಾರುವ ಚೈನ್ ವ್ಯಾಪಾರಕ್ಕೆ ಮಗಳ ಮದುವೆಯ ದುಡ್ಡನ್ನೇ ಹಾಕುತ್ತಾಳೆ. ಊರಿನವರನ್ನೂ ಎಳೆಯುತ್ತಾಳೆ. ಗಂಡ ಎದ್ದು ಓಡಾಡುತ್ತಾನೆ, ಬಡತನ ಹೋಗುತ್ತದೆ ಎಂದು ಮನಸಾರೆ ನಂಬುತ್ತಾಳೆ.

ಇಂಥ ಕಥೆಯಲ್ಲಿ ನಿರ್ದೇಶಕನಿಗೆ ಎರಡು ಸುಲಭದ ದಾರಿ ಇರುತ್ತವೆ. ಪೆದ್ದಿ ಎಂದು ಕನಿಕರಿಸುವುದು ಒಂದು, ಛಲಗಾತಿ ಎಂದು ಹೆಗಲ ಮೇಲೆ ಹೊತ್ತು ಮೆರೆಸುವುದು ಇನ್ನೊಂದು. ಶಿವಮ್ಮ ಎರಡನ್ನೂ ಬಿಟ್ಟಿದೆ. ನಟನೆಯ ಕಸುಬಿನವರಲ್ಲದ ಶರಣಮ್ಮ ಚೆಟ್ಟಿ ಆ ಪಾತ್ರವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆಂದರೆ, ಆಕೆ ತಪ್ಪು ಮಾಡುತ್ತಿದ್ದಾಳೆ ಎಂದು ಗೊತ್ತಿದ್ದೂ ಆಕೆಯ ಲೆಕ್ಕ ನಮಗೆ ಅರ್ಥವಾಗುತ್ತದೆ. ಅಮ್ಮನಿಗೆ ಅಲ್ಲಿಯ ಮಾತು ಅರ್ಧ ತಿಳಿಯಲಿಲ್ಲ. ಎರಡು ಮೂರು ಸಲ "ಏನಂದ್ಲು?" ಎಂದು ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. "ನಡಿಗೆ ನೋಡು. ಇಪ್ಪತ್ತು ವರ್ಷ ದೊಡ್ಡ ಪಾತ್ರೆ ಎತ್ತಿದ ಸೊಂಟ ಅದು. ಅದನ್ನ ಯಾರೂ ಹೇಳಿಕೊಡೋಕಾಗಲ್ಲ" ಅಂದಳು.

ಸಿನಿಮಾ ಮುಗಿದ ಮೇಲೆ ನಾನು ಅಮ್ಮನಿಗೆ ಒಂದು ವಿಷಯ ಹೇಳಿದೆ. ಹತ್ತು ವರ್ಷದ ಹಿಂದೆ ಅಂಥದೇ ಒಂದು ಕಂಪನಿಯ ಪುಡಿ ಡಬ್ಬಿಗಳಿಗೆ ನಾನೂ 18,000 ರೂಪಾಯಿ ಹಾಕಿದ್ದೆ. ಆ ತಿಂಗಳ ಮನೆಸಾಲದ ಕಂತು ಕಟ್ಟಲಾಗದೆ ಬಳೆ ಅಡವಿಟ್ಟಿದ್ದೆ. ಓದಿದವಳು, ಸಂಬಳದವಳು, ಆದರೂ. ಯಾರಿಗೂ ಹೇಳಿರಲಿಲ್ಲ. ಅಮ್ಮ ಬೈಯಲಿಲ್ಲ. "ಬಳೆ ಬಿಡಿಸ್ಕೊಂಡ್ಯಾ?" ಅಂದಳು. ಹೂಂ ಅಂದೆ. ಒಂದು ಸಿನಿಮಾ ಹತ್ತು ವರ್ಷದ ಬಾಯಿ ಬಿಡಿಸುತ್ತದೆ ಎಂದರೆ ಅದಕ್ಕೆ ನಾನು ಕೊಡಬಲ್ಲ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಆಗಸ್ಟಿನಲ್ಲಿ ನನ್ನ ವಿದ್ಯಾರ್ಥಿನಿಯರೆಲ್ಲ ಸು ಫ್ರಮ್ ಸೋ ಎನ್ನುತ್ತಿದ್ದರು. ಪಕ್ಕದ ಮನೆಯವರನ್ನು ಅಮ್ಮನ ಹತ್ತಿರ ಕೂರಿಸಿ ಒಂದು ಸಂಜೆ ಚಿತ್ರಮಂದಿರಕ್ಕೆ ಹೋದೆ. ಸೀಟೆಲ್ಲ ತುಂಬಿತ್ತು. ಜನ ನಗುವ ಸದ್ದಿನಲ್ಲಿ ಮುಂದಿನ ಮಾತು ಕೇಳುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅಷ್ಟು ಜನರ ನಡುವೆ ಕೂತು ಕನ್ನಡ ಸಿನಿಮಾ ನೋಡಿದೆ. ಮನೆಗೆ ಬಂದಾಗ ಅಮ್ಮ ಎಚ್ಚರವಾಗಿದ್ದಳು. "ಹೇಳು" ಅಂದಳು.

ನಾನು ಅವಳಿಗೆ ಸಿನಿಮಾ ಹೇಳಿದ್ದು ಅದೇ ಮೊದಲು. ಹೇಗೆ ಶುರು ಮಾಡುವುದೆಂದು ತಿಳಿಯದೆ, ಊರು ಹೇಗಿದೆ ಎಂಬಲ್ಲಿಂದ ಶುರು ಮಾಡಿದೆ. ಕರಾವಳಿಯ ಮರ್ಲೂರು ಎಂಬ ಹಳ್ಳಿ, ತೆಂಗಿನ ತೋಟದ ನಡುವಿನ ಮನೆಗಳು, ಎಲ್ಲರ ಮನೆಯ ಕಾರ್ಯಕ್ಕೂ ಮುಂದೆ ನಿಲ್ಲುವ ರವಿಯಣ್ಣ. ಸಿಕ್ಕಿಬಿದ್ದ ಅಶೋಕ ಎಂಬ ಹುಡುಗ ಮಾನ ಉಳಿಸಿಕೊಳ್ಳಲು ಮೈಮೇಲೆ ಬಂದವನಂತೆ ಆಡುತ್ತಾನೆ. ಬಂದಿರುವುದು ಸೋಮೇಶ್ವರದ ಸುಲೋಚನಾ ಎಂದು ಊರು ನಂಬುತ್ತದೆ. ಸತ್ತ ಹೆಂಗಸಿನ ಹೆಸರು ಊರಿಗೆಲ್ಲ ಆಟದ ಸಾಮಾನಾಗುತ್ತದೆ. ಅಮ್ಮ ನಕ್ಕಳು. ಸೊಂಟ ನೋಯುತ್ತದೆ ಎಂದು ಕೈಯಿಟ್ಟುಕೊಂಡು ಮತ್ತೆ ನಕ್ಕಳು.

ಆಮೇಲೆ ಸುಲೋಚನಾ ನಿಜವಾಗಿಯೂ ಬದುಕಿದ್ದವಳು, ಅವಳಿಗೆ ಭಾನು ಎಂಬ ಮಗಳಿದ್ದಾಳೆ, ಆ ಮಗಳು ಈಗ ಕಷ್ಟದಲ್ಲಿದ್ದಾಳೆ ಎಂಬಲ್ಲಿಗೆ ಕಥೆ ಬರುತ್ತದೆ. ಜೆ.ಪಿ. ತುಮಿನಾಡು ಅವರ ಈ ಮೊದಲ ಸಿನಿಮಾದ ನಿಜವಾದ ಶಕ್ತಿ ಅಲ್ಲಿದೆ. ಅಷ್ಟು ಹೊತ್ತು ನಕ್ಕ ನಗುವಿನ ಲೆಕ್ಕವನ್ನು ಅದು ನಮ್ಮ ಮುಂದಿಡುತ್ತದೆ. ಚಿತ್ರಮಂದಿರದಲ್ಲಿ ನನ್ನ ಪಕ್ಕದ ಸಾಲು ಒಮ್ಮೆಲೇ ತಣ್ಣಗಾದದ್ದು ನನಗೆ ಗೊತ್ತಾಗಿತ್ತು. ಸುಲೋಚನಾಳ ಪಾಡನ್ನು ಇನ್ನಷ್ಟು ಬಿಡಿಸಿ ತೋರಿಸಬಹುದಿತ್ತು, ಕೊನೆಯನ್ನು ಸ್ವಲ್ಪ ಅವಸರದಲ್ಲಿ ಕಟ್ಟಿದ್ದಾರೆ ಎಂಬ ತಕರಾರು ನನಗಿದೆ. ಆದರೆ ಅಮ್ಮನಿಗೆ ಹೇಳುವಾಗ ಇರುವಷ್ಟನ್ನೂ ನಾನು ಹೇಳಲಿಲ್ಲ. ಆ ತಾಯಿ ಮಗಳಿಗೆ ಮನೆಯೊಳಗೇ ಆದದ್ದನ್ನು ಎರಡೇ ಮಾತಿನಲ್ಲಿ ದಾಟಿಸಿ, ಊರಿನವರೆಲ್ಲ ಸೇರಿ ಮಗಳ ಕೈ ಹಿಡಿಯುವಲ್ಲಿಗೆ ಬಂದುಬಿಟ್ಟೆ. ಔಷಧಿ ತೆಗೆದುಕೊಂಡು ಮಲಗುವ ಹೊತ್ತು, ಯಾಕೆ ಬೇಕು ಅನ್ನಿಸಿತು.

ಅಮ್ಮ ನನ್ನನ್ನೇ ನೋಡಿದಳು. "ನಡುವೆ ಏನೋ ನುಂಗಿದೆ ನೀನು" ಅಂದಳು.

ಗೋಟು ಎಲ್ಲಿ ಸಿಪ್ಪೆ ಎಲ್ಲಿ ಎಂದು ಕೈಯಲ್ಲೇ ತಿಳಿಯುವವಳಿಗೆ ಅದು ತಿಳಿಯದೆ ಇರುತ್ತದೆಯೇ. ನುಂಗಿದ್ದು ನಿಜ ಎಂದು ಒಪ್ಪಿಕೊಂಡೆ. ಮತ್ತೆ, ಮೂವತ್ತು ವರ್ಷ ಬಾಯಲ್ಲೇ ಇದ್ದದ್ದನ್ನು ಕೇಳಿದೆ. "ನೀನು ಶರಪಂಜರ ಹೇಳಿದಾಗ ಕೊನೆ ಬದಲಾಯಿಸಿದ್ದೆಯಲ್ಲ, ಯಾಕೆ?"

"ಅಕ್ಕ ಅಲ್ಲೇ ಕೂತಿದ್ಲಲ್ಲೇ."

ಅಷ್ಟೇ ಅಂದಳು ಮೊದಲು. ಆಮೇಲೆ ತುಂಡುತುಂಡಾಗಿ ಉಳಿದದ್ದು ಬಂತು. ಎರಡನೆಯ ಹೆರಿಗೆಯ ನಂತರ ದೊಡ್ಡಮ್ಮನ ಮನಸ್ಸು ಕೆಟ್ಟಿತ್ತು. ಮಗು ಉಳಿಯಲಿಲ್ಲ. ಒಂದು ದಿನ ಮನೆಯಿಂದ ಹೊರಟುಹೋದಳು. ಹನ್ನೊಂದು ದಿನದ ಮೇಲೆ ಸಿಕ್ಕಳು. ದೂರದ ಆಸ್ಪತ್ರೆಯಲ್ಲಿ ಏಳು ತಿಂಗಳಿದ್ದು ಹುಷಾರಾದಳು. ಕರೆದುಕೊಂಡು ಹೋಗಲು ಗಂಡನ ಮನೆಯಿಂದ ಯಾರೂ ಬರಲಿಲ್ಲ. ನನ್ನ ಅಪ್ಪ ಹೋಗಿ ಕರೆತಂದ. "ನಮ್ಮ ಮನೇಲಿ ಹದಿನೆಂಟು ವರ್ಷ ಇದ್ಲು. ಒಂದು ದಿನ ಎಲ್ಲೂ ತಪ್ಪಿ ನಡೀಲಿಲ್ಲ. ಆದ್ರೂ ಅವಳು ಮೆಟ್ಟುಗತ್ತಿ ಮುಂದೆ ಕೂತ್ರೆ ಪಕ್ಕದವರು ಸ್ವಲ್ಪ ಸರಿದು ಕೂರೋರು. ನಾನು ಆ ಕಥೆ ಶುರು ಮಾಡಬಾರದಿತ್ತು. ಅತ್ತೆ ಎಲ್ಲರೆದುರು ಹೇಳು ಹೇಳು ಅಂದ್ರು. ಶುರು ಮಾಡಿದ್ಮೇಲೆ ಕಾವೇರೀನ ವಾಪಸ್ ಆಸ್ಪತ್ರೆಗೆ ಹೆಂಗೆ ಕಳಿಸ್ಲಿ?"

ಸಿನಿಮಾದ ನಿರ್ದೇಶಕ ಪುಟ್ಟಣ್ಣನವರ ಮೇಲೆ ನನಗೆ ಆಕ್ಷೇಪವಿಲ್ಲ. ಮನಸ್ಸಿನ ಕಾಯಿಲೆಯ ಬಗ್ಗೆ ನಮ್ಮಲ್ಲಿ ಬಾಯಿಬಿಟ್ಟು ಮಾತಾಡುವವರೇ ಇಲ್ಲದ ಕಾಲದಲ್ಲಿ ತ್ರಿವೇಣಿ ಶರಪಂಜರ ಕಾದಂಬರಿ ಬರೆದರು, ಎಪ್ಪತ್ತರ ದಶಕದ ಶುರುವಿನಲ್ಲಿ ಪುಟ್ಟಣ್ಣ ಅದನ್ನು ತೆರೆಗೆ ತಂದರು. ಕಾವೇರಿ ದೀಪ ಹಚ್ಚಿ ಸುಖವಾಗಿ ಇದ್ದುಬಿಟ್ಟಿದ್ದರೆ, ಅವಳ ಪಕ್ಕದಿಂದ ಸರಿದು ಕೂತವರೆಲ್ಲ ಹಗುರಾಗಿ ಮನೆಗೆ ಹೋಗುತ್ತಿದ್ದರು. ಆ ಕೊನೆಯ ಭಾರ ಅವರ ಮೇಲೆ ಬೀಳಲೇಬೇಕಿತ್ತು. ಡೇರೆಯಲ್ಲಿ ಕೂತ ನೂರಾರು ಜನರಿಗೆ ಪುಟ್ಟಣ್ಣ ಸಿನಿಮಾ ಹೇಳಿದರು. ಅಮ್ಮ ಚಪ್ಪರದಲ್ಲಿ ಹದಿನೈದು ಜನರ ನಡುವೆ ಒಬ್ಬಳಿಗೆ ಹೇಳಿದಳು.

ಸೆಪ್ಟೆಂಬರಿನ ಮೊದಲ ವಾರ ವಾಕರ್ ಹಿಡಿದು ಅಡಿಗೆಮನೆಯವರೆಗೆ ನಡೆದ ದಿನ ಅಮ್ಮ ತಾನಾಗೇ ಕೇಳಿದಳು, "ಶರಪಂಜರ ಸಿಗ್ತದಾ ನಿನ್ನ ಫೋನಲ್ಲಿ?" ಸಿಕ್ಕಿತು. ಟೀವಿಗೆ ಹಾಕಿದೆ. ಬಣ್ಣ ಮಾಸಿದ ಪ್ರತಿ. ನಾನು ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಕೂತೆ. ಅಮ್ಮ ಒಂದು ಹಿಡಿ ತನ್ನ ಮಡಿಲಿಗೆ ಹಾಕಿಸಿಕೊಂಡಳು. ಕೊಡಗಿನ ಬೆಟ್ಟಗಳು ಬಂದವು, ಮದುವೆ ಆಯಿತು, ಮಕ್ಕಳಾದವು, ಕಲ್ಪನಾರ ಕಣ್ಣುಗಳು ಬೇರೆಯಾದವು. ಅಮ್ಮ ಮಾತಾಡಲಿಲ್ಲ. ಮಡಿಲಿನ ಕಾಯಿ ಮುಗಿದರೆ ಕೈ ಚಾಚುತ್ತಿದ್ದಳು, ನಾನು ಹಾಕುತ್ತಿದ್ದೆ. ಕಾವೇರಿ ಹುಷಾರಾಗಿ ಮನೆಗೆ ಬಂದಳು.

"ಇಲ್ಲಿ ನಿಲ್ಸು" ಅಂದಳು ಅಮ್ಮ.

ನಿಲ್ಲಿಸಿದೆ. ಪರದೆಯ ಮೇಲೆ ಕಲ್ಪನಾ ಹಾಗೇ ನಿಂತರು. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಪಕ್ಕಕ್ಕಿಟ್ಟಳು. ಅವರೆಕಾಯಿ ಬಿಡಿಸುತ್ತಲೇ ಮುಂದಿನದನ್ನು ಹೇಳತೊಡಗಿದಳು, ಆ ದಿನ ಕಾವೇರಿ ಎಂಥ ಸೀರೆ ಉಟ್ಟಿದ್ದಳು ಎಂಬಲ್ಲಿಂದ.